ಅಗ್ರಿಮೆಂಟ್‌ನಲ್ಲಿ ನಾಯಿಗೂ ಒಂದು ಸಾಲು

ಕಳೆದ ತಿಂಗಳು ಒಬ್ಬ ಹುಡುಗ ನನ್ನ ವಕೀಲಿ ಆಫೀಸಿಗೆ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಫೋಲ್ಡರ್. ಒಳಗೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಸುತ್ತೋಲೆಯ ಪ್ರಿಂಟ್‌ಔಟ್. ನಾಲ್ಕೈದು ಸಾಲಿಗೆ ಹಳದಿ ಹೈಲೈಟರ್ ಬಳಿದಿದ್ದ.

"ಸಾರ್, ನಾಯಿ ಇದೆ ಅಂತ ಓನರ್ ಮನೆ ಖಾಲಿ ಮಾಡಿ ಅಂತಿದ್ದಾರೆ. ಇದನ್ನ ಹಾಕಿ ಒಂದು ನೋಟಿಸ್ ಕೊಟ್ಟುಬಿಡೋಣ."

"ಅದಿರಲಿ, ಅಗ್ರಿಮೆಂಟ್ ಎಲ್ಲಪ್ಪ?"

ಅದು ಫೋಲ್ಡರ್‌ನಲ್ಲಿ ಇರಲಿಲ್ಲ. ರಾತ್ರಿ ವಾಟ್ಸಾಪ್‌ನಲ್ಲಿ ಬಂತು. ಹನ್ನೊಂದನೇ ಷರತ್ತು: ಬಾಡಿಗೆದಾರರು ಸಾಕುಪ್ರಾಣಿ ಇಟ್ಟುಕೊಳ್ಳತಕ್ಕದ್ದಲ್ಲ. ಕೆಳಗೆ ಅವನದೇ ಸಹಿ. ಪ್ರತಿ ಪುಟದಲ್ಲೂ.

ಇಂಥ ಫೋಲ್ಡರ್ ನನ್ನ ಮೇಜಿಗೆ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಹೈಲೈಟರ್ ಬಣ್ಣ ಮಾತ್ರ ಬೇರೆ. ಅದಕ್ಕೇ ಇವತ್ತು ಇದೊಂದೇ ವಿಷಯ.

ಆ ಸುತ್ತೋಲೆ ಸುಳ್ಳಲ್ಲ. ಬಹುಮತ ಇದೆ ಅಂತ ಅಪಾರ್ಟ್‌ಮೆಂಟ್ ಅಸೋಸಿಯೇಶನ್‌ನವರು ನಾಯಿ ಸಾಕುವುದನ್ನು ಬ್ಯಾನ್ ಮಾಡುವಂತಿಲ್ಲ, ಸಣ್ಣ ನಾಯಿ ಸರಿ ದೊಡ್ಡದು ಬೇಡ ಅನ್ನುವಂತಿಲ್ಲ, ಬೊಗಳುತ್ತೆ ಅನ್ನುವುದನ್ನೇ ಕಾರಣ ಮಾಡುವಂತಿಲ್ಲ ಅಂತ ಅದರಲ್ಲಿದೆ. ಅಸೋಸಿಯೇಶನ್‌ನ ಬೈಲಾದಲ್ಲಿ, ಅಂದರೆ ಅದರ ಒಳನಿಯಮದಲ್ಲಿ, ಸಾಕುಪ್ರಾಣಿ ನಿಷೇಧಿಸುವುದು ತಪ್ಪು ಅಂತ ಕೇರಳ ಹೈಕೋರ್ಟ್ ಕೂಡ 2021ರಲ್ಲಿ ಹೇಳಿತು. ಮಂಡಳಿಯ ಸುತ್ತೋಲೆ ಅಂದರೆ ಶಾಸನಸಭೆಯ ಕಾಯ್ದೆಯಲ್ಲ, ಕೇರಳದ ತೀರ್ಪು ನಮ್ಮ ಹೈಕೋರ್ಟನ್ನು ಕಟ್ಟಿಹಾಕುವುದೂ ಇಲ್ಲ. ಆದರೂ ಅಸೋಸಿಯೇಶನ್‌ನವರ ಮುಂದೆ ಇಡಲು ಎರಡೂ ಒಳ್ಳೆಯ ಕಾಗದಗಳೇ.

ಅಸೋಸಿಯೇಶನ್‌ನವರ ಮುಂದೆ. ಓನರ್ ಮುಂದೆ ಅಲ್ಲ.

ಅಸೋಸಿಯೇಶನ್ ಅಂದರೆ ಕಟ್ಟಡದವರೆಲ್ಲ ಸೇರಿದ ಕೂಟ. ಅದಕ್ಕೂ ನಿಮಗೂ ಬಾಡಿಗೆ ಕರಾರಿಲ್ಲ. ಓನರ್ ಮತ್ತು ನೀವು ಎದುರುಬದುರು ಕೂತು ಸಹಿ ಹಾಕಿದವರು. ನಾಯಿ ಇಲ್ಲದವರಿಗೇ ಮನೆ ಕೊಡ್ತೀನಿ ಅಂತ ಅವರು ಬರೆಸಿದರು, ಆಗಲಿ ಅಂತ ನೀವು ಒಪ್ಪಿದಿರಿ. ಈಗ ಬೇರೆ ಯಾರಿಗೋ ಬರೆದ ಸುತ್ತೋಲೆ ತಂದು ನಿಮ್ಮ ಸಹಿ ಅಳಿಸಿ ಅಂದರೆ ನಾನೇನು ಮಾಡಲಿ? ಸಂವಿಧಾನದ 51ಎ(ಜಿ) ವಿಧಿ ಓದಿಕೊಂಡು ಬರುವವರೂ ಇದ್ದಾರೆ. ಜೀವಿಗಳ ಬಗ್ಗೆ ಕರುಣೆ ನಾಗರಿಕರ ಕರ್ತವ್ಯ, ನಿಜ. ಆದರೆ ಅದನ್ನು ಹಿಡಿದುಕೊಂಡು ಬಾಡಿಗೆಮನೆ ಉಳಿಸಿಕೊಂಡವರನ್ನು ನಾನಂತೂ ನೋಡಿಲ್ಲ.

ಅಗ್ರಿಮೆಂಟ್‌ನಲ್ಲಿ ನಾಯಿಯ ಮಾತೇ ಇಲ್ಲದಿದ್ದರೆ? ಆಗ ನಿಮ್ಮ ಸ್ಥಿತಿ ಸ್ವಲ್ಪ ವಾಸಿ. ಆದರೂ ಕಾಗದ ಓದದೆ ನಾನು ಏನೂ ಹೇಳಲ್ಲ. 'ನೆರೆಯವರಿಗೆ ತೊಂದರೆ ಆಗಬಾರದು' ಅನ್ನೋ ಸಾಲು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಇನ್ನೊಂದು ಮಾತು. ನಮ್ಮೂರಲ್ಲಿ ಅಗ್ರಿಮೆಂಟ್ ಅಂದರೆ 11 ತಿಂಗಳು. ನೀವು ವಾದದಲ್ಲಿ ಗೆದ್ದರೂ ಹನ್ನೆರಡನೇ ತಿಂಗಳು ಓನರ್ ರಿನ್ಯೂ ಮಾಡದಿದ್ದರೆ ಮುಗೀತು.

"ಬ್ರೋಕರ್ ಓಕೆ ಅಂದಿದ್ರು ಸಾರ್." ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಬ್ರೋಕರ್ ಏನು ಬೇಕಾದರೂ ಓಕೆ ಅಂತಾರೆ. ಒಂದು ತಿಂಗಳ ಬಾಡಿಗೆ ಕಮಿಷನ್ ಕೈಗೆ ಬಂದ ಮೇಲೆ ಫೋನ್ ಎತ್ತಲ್ಲ. ನೀವೇ ಓನರ್‌ಗೆ ಮೆಸೇಜ್ ಮಾಡಿ ಕೇಳಿ. ಅವರು ಬರೀ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರೂ ಏನೂ ಇಲ್ಲದ್ದಕ್ಕಿಂತ ಮೇಲು. ಆದರೆ ಕೊನೆಗೆ ಅದು ಅಗ್ರಿಮೆಂಟ್‌ಗೆ ಇಳಿಯಬೇಕು. ಟೈಪಿಂಗ್ ಅಂಗಡಿಯವರ ಕಂಪ್ಯೂಟರ್‌ನಲ್ಲಿ ಒಂದು ಹಳೇ ಫಾರ್ಮ್ಯಾಟ್ ಇರುತ್ತೆ. ಹೆಸರು, ಬಾಡಿಗೆ, ಅಡ್ವಾನ್ಸ್ ಬದಲಾಯಿಸಿ ಕೊಡ್ತಾರೆ. 'ಸಾಕುಪ್ರಾಣಿ ಇಲ್ಲ' ಅನ್ನೋದು ಎಷ್ಟೋ ಸಲ ಆ ಫಾರ್ಮ್ಯಾಟ್‌ನದು, ಓನರ್‌ದಲ್ಲ. ಓದಿ, ಹೊಡೆದುಹಾಕಿಸಿ. ಯಾವ ಪ್ರಾಣಿ, ಎಷ್ಟು, ಹೆಸರೇನು ಅಂತ ಒಂದು ಸಾಲು ಬರೆಸಿ.

ಇನ್ನು ಮುಚ್ಚಿಡುವವರು. ಓನರ್ ಬಂದಾಗ ಬೆಕ್ಕನ್ನು ಬಾತ್‌ರೂಮಿಗೆ ಹಾಕಿ ಗೀಸರ್ ರಿಪೇರಿ ಅಂತ ಹೇಳಿದ ಮೇಡಂ ಒಬ್ಬರು ನನ್ನ ಕಕ್ಷಿದಾರರು. ಎರಡು ವರ್ಷ ನಡೀತು. ಮನೆ ಬಿಡುವ ಹೊತ್ತಿಗೆ ಬೆಡ್‌ರೂಮ್ ಬಾಗಿಲ ಕೆಳಗಿನ ಒಂದೂವರೆ ಅಡಿ ಪಾಲಿಶ್ ಪೂರ್ತಿ ಹೋಗಿತ್ತು, ಉದ್ದಕ್ಕೂ ಬಿಳಿ ಗೆರೆ. ಮೇಡಂ ಅದಕ್ಕೆ ಕಂದು ಬೂಟ್ ಪಾಲಿಶ್ ತಿಕ್ಕಿದ್ದರು. ಓನರ್ ಬೆರಳಿಟ್ಟು ನೋಡಿದರು, ಬೆರಳು ಕಂದಾಯಿತು. ಅಡ್ವಾನ್ಸ್‌ನಲ್ಲಿ ಹೊಸ ಬಾಗಿಲಿನ ದುಡ್ಡು ಹಿಡಿದರು. ದಿನನಿತ್ಯದ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಅಂತ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಹೇಳುತ್ತದೆ. ಬೆಕ್ಕಿನ ಉಗುರು ದಿನನಿತ್ಯದ ಸವೆತವೇ ಅಂತ ನಾನು ವಾದ ಮಾಡಬಹುದು, ಗೆಲ್ಲುವ ಭರವಸೆ ಕೊಡಲಾರೆ. ಮೊದಲೇ ಬರೆಸಿದ್ದರೆ ಪಾಲಿಶ್ ಖರ್ಚಿನಲ್ಲಿ ಮುಗಿಯುತ್ತಿತ್ತು.

ಕೇಳಿದರೆ ಎಲ್ಲರೂ ಬೇಡ ಅಂತಾರೆ ಅಂದುಕೊಳ್ಳಬೇಡಿ. ಒಬ್ಬ ಓನರ್ ಅಜ್ಜಿಗೆ ನಾಯಿ ಬಗ್ಗೆ ತಕರಾರೇ ಇರಲಿಲ್ಲ, ನಾಯಿಗೆ ಬೇಯಿಸುವ ಕೋಳಿಯ ಬಗ್ಗೆ ಇತ್ತು. ಅಡುಗೆಮನೆಯಲ್ಲಿ ಬೇಡ, ಬಾಲ್ಕನಿಯಲ್ಲಿ ಇಂಡಕ್ಷನ್ ಸ್ಟವ್ ಇಟ್ಕೊಳ್ಳಿ ಅಂತ ತೀರ್ಮಾನ ಆಯ್ತು. ಅದನ್ನೂ ಬರೆದೆ.

ಫೋಲ್ಡರ್ ಹುಡುಗನಿಗೆ ಎರಡು ತಿಂಗಳ ಟೈಮ್ ಕೊಡಿಸಿದೆ. ನಾಯಿಯನ್ನು ಎಲ್ಲಾದರೂ ಬಿಟ್ಟುಬರಬೇಕಾ ಅಂತ ಸಣ್ಣ ದನಿಯಲ್ಲಿ ಕೇಳಿದ್ದ. ಪ್ರಾಣಿಯನ್ನು ಹಸಿವಿಗೆ ಬಿಟ್ಟು ಹೋದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲದ ದಂಡ ಹೆಚ್ಚೆಂದರೆ 50 ರೂಪಾಯಿ. ಆ ಅಂಕಿ ಅವನಿಗೆ ಹೇಳಲಿಲ್ಲ. ಅಪರಾಧ ಕಣಪ್ಪ, ಮನೆ ಹುಡುಕು ಅಂದೆ.

ಮೊನ್ನೆ ಹೊಸ ಅಗ್ರಿಮೆಂಟ್‌ನ ಕರಡು ಕಳಿಸಿದ್ದ. ಆರನೇ ಷರತ್ತು: ಒಂದು ನಾಡುನಾಯಿ, ಕಂದು ಬಣ್ಣ, ಹೆಸರು ಬ್ರೂನೋ. ಹಿಂದೆಯೇ ಫೋನ್.

"ಸಾರ್, ಆ 'ಒಂದು' ಅನ್ನೋದನ್ನ ತೆಗೆಯಬಹುದಾ? ಇನ್ನೊಂದು ಮರಿ ನೋಡಿಟ್ಟಿದ್ದೀನಿ."

"ಓನರ್‌ನ ಕೇಳು" ಅಂದೆ.