ಬೆಳಕು ಕಪ್ಪುಕುಳಿಯ ಒಳಗಿನದಲ್ಲ, ಮಾರಾಯ್ರೇ

ಉಪನ್ಯಾಸ ಮುಗಿಸಿ ಟೀ ಲೋಟ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಯಾರಾದರೂ ಒಬ್ಬರು ಮೊಬೈಲ್ ಹಿಡಿದುಕೊಂಡು ಬಂದೇ ಬರುತ್ತಾರೆ. "ಸರ್, ಕಪ್ಪುಕುಳಿಯಿಂದ, ಅದೇ ಬ್ಲ್ಯಾಕ್ ಹೋಲ್‌ನಿಂದ, ಬೆಳಕೂ ಹೊರಗೆ ಬರಲ್ಲ ಅಂದ್ರಿ. ಇಲ್ಲಿ ನೋಡಿ, ಹೇಗೆ ಬೆಂಕಿ ಉಗುಳ್ತಾ ಇದೆ! ಐನ್‌ಸ್ಟೈನ್ ಹೇಳಿದ್ದು ಸುಳ್ಳಾಯ್ತು ಅಲ್ವಾ?" ಹೆಚ್ಚಿನ ಸಲ ಅದು ಎಂ87 ಗ್ಯಾಲಕ್ಸಿಯ ಚಿತ್ರ. ಕಪ್ಪುಕುಳಿ ಇರುವ ನಡುವಿನಿಂದ ಸಾವಿರಾರು ಜ್ಯೋತಿರ್ವರ್ಷ ಉದ್ದದ ಜೆಟ್, ಅಂದರೆ ಕಾದ ದ್ರವ್ಯದ ಚಿಲುಮೆ, ಚಿಮ್ಮಿರುತ್ತದೆ. ಅದೇನೂ ಹೊಸದಲ್ಲ. ಖಗೋಳವಿಜ್ಞಾನಿ ಹೀಬರ್ ಕರ್ಟಿಸ್ 1918ರಲ್ಲೇ ಅದನ್ನು ಗುರುತಿಸಿದ್ದರು.

ಇನ್ನೊಮ್ಮೆ ಹೇಳುತ್ತೇನೆ. ಆ ಬೆಳಕು ಕುಳಿಯ ಹೊರಗಿನದು. ಒಳಗೆ ಬಿದ್ದದ್ದು ಬೆಳಗುವುದಿಲ್ಲ, ಬೀಳಲು ಹೊರಟದ್ದು ಬೆಳಗುತ್ತದೆ. ಅನಿಲ ನೆಟ್ಟಗೆ ಒಳಗೆ ಬೀಳುವುದಿಲ್ಲ, ಬಚ್ಚಲ ತೂತಿನ ಸುತ್ತ ನೀರು ತಿರುಗುವ ಹಾಗೆ ತಿರುಗುತ್ತಾ ಇಳಿಯುತ್ತದೆ. ಒಂದು ಪದರ ಇನ್ನೊಂದಕ್ಕೆ ಉಜ್ಜುತ್ತದೆ, ಕಾಯುತ್ತದೆ, ಹೊಳೆಯುತ್ತದೆ. ನಕ್ಷತ್ರದೊಳಗೆ ಹೈಡ್ರೋಜನ್ ಬೆಸೆದು ಹೀಲಿಯಂ ಆದರೆ ಅದರ ದ್ರವ್ಯರಾಶಿಯಲ್ಲಿ ಶೇ. 0.7ರಷ್ಟು ಮಾತ್ರ ಶಕ್ತಿಯಾಗುತ್ತದೆ. ಹೀಗೆ ಸುತ್ತಿ ಬೀಳುವಾಗ ಶೇ. 10ರಷ್ಟು ಆಗಬಹುದು. ಅದಕ್ಕೇ ಒಂದು ಗ್ಯಾಲಕ್ಸಿಯ ಪುಟ್ಟ ನಡುಭಾಗವೇ ಉಳಿದ ಎಲ್ಲ ನಕ್ಷತ್ರಗಳನ್ನೂ ಮಂಕಾಗಿಸಿಬಿಡುತ್ತದೆ.

ಜೆಟ್ ಸ್ವಲ್ಪ ತೊಡಕಿನ ವಿಷಯ. ಕುಳಿ ತಿರುಗುವ ಶಕ್ತಿಯನ್ನು ಹೊರಗಿನ ಕಾಂತಕ್ಷೇತ್ರ ಸೆಳೆದುಕೊಳ್ಳುತ್ತದೆ ಎಂಬುದು 1977ರಿಂದ ಇರುವ ವಿವರಣೆ. ವಿವರಗಳಲ್ಲಿ ಇನ್ನೂ ಜಗಳ ಇದೆ. ಆದರೆ ಒಳಗೆ ಬಿದ್ದದ್ದು ಮತ್ತೆ ಎದ್ದು ಬಂತು ಎಂದು ಆ ಜಗಳದಲ್ಲಿ ಯಾರೂ ಹೇಳುತ್ತಿಲ್ಲ.

2019ರ ಏಪ್ರಿಲ್‌ನಲ್ಲಿ ಬಂದ ಕಿತ್ತಳೆ ಉಂಗುರದ ಚಿತ್ರವೂ ಇದೇ ಎಂ87ದು. (ಕಿತ್ತಳೆ ಬಣ್ಣ ನಾವು ಹಚ್ಚಿದ್ದು. ನೋಡಿದ್ದು 1.3 ಮಿಲಿಮೀಟರ್ ರೇಡಿಯೊ ಅಲೆಯಲ್ಲಿ.) ನಡುವಿನ ಕುಳಿಯ ತೂಕ ಸುಮಾರು 650 ಕೋಟಿ ಸೂರ್ಯರಷ್ಟು. ಉಂಗುರದ ಅಳತೆ ಐನ್‌ಸ್ಟೈನ್‌ರ ಗುರುತ್ವ ಸಿದ್ಧಾಂತದ ಲೆಕ್ಕಕ್ಕೆ ಹೊಂದಿಕೊಂಡಿತು. ಎಲ್ಲ ಪರ್ಯಾಯ ಸಿದ್ಧಾಂತಗಳನ್ನೂ ಹೊರಗೆ ಹಾಕುವಷ್ಟು ನಿಖರವಾಗಿ ಅಲ್ಲ, ಅದೂ ನಿಜ.

ನನಗೆ ರೇಗುವುದು ಇಲ್ಲೇ. ಗುರುತ್ವವನ್ನು ಅನುಮಾನಿಸಲೇಬೇಕಾದರೆ ಅನುಮಾನಿಸಿ, ಬೇಡ ಎಂದವರು ಯಾರು? ಆದರೆ ಜಾಗ ತಪ್ಪಿದ್ದೀರಿ. ದೊಡ್ಡ ತಕರಾರು ಇರುವುದು ಗ್ಯಾಲಕ್ಸಿಯ ಅಂಚಿನಲ್ಲಿ, ಗುರುತ್ವ ತೀರಾ ಸೊರಗಿದ ಕಡೆ. ಅಲ್ಲಿನ ನಕ್ಷತ್ರ, ಅನಿಲ ನಿಧಾನವಾಗಬೇಕಿತ್ತು, ಆಗಿಲ್ಲ. ಕಾಣದ ದ್ರವ್ಯ ಇದೆ ಎನ್ನುವವರು ಜಾಸ್ತಿ. ಭೌತವಿಜ್ಞಾನಿ ಮೊರ್ಡೆಹಾಯ್ ಮಿಲ್‌ಗ್ರೋಮ್ 1983ರಲ್ಲಿ ಗುರುತ್ವದ ನಿಯಮವನ್ನೇ ತಿದ್ದೋಣ ಎಂದರು. ಅವರ ತಿದ್ದುಪಡಿ ಶುರುವಾಗುವ ಗುರುತ್ವ ನಮ್ಮ ಕಾಲಡಿಯದರ ಸುಮಾರು 8,000 ಕೋಟಿಯಲ್ಲಿ ಒಂದು ಪಾಲು! ಒಂಟಿ ಗ್ಯಾಲಕ್ಸಿಗಳಲ್ಲಿ ಅದು ಬೆರಗಾಗುವಷ್ಟು ಚೆನ್ನಾಗಿ ಕೂರುತ್ತದೆ. ಗ್ಯಾಲಕ್ಸಿಗಳ ಗುಂಪಿಗೆ ಬಂದರೆ ಎಡವುತ್ತದೆ.

ನಿವೃತ್ತ ಎಂಜಿನಿಯರ್ ಒಬ್ಬರು ಆಗಾಗ ತಮ್ಮದೇ ಗುರುತ್ವ ಸಿದ್ಧಾಂತದ, ಸ್ಪೈರಲ್ ಬೈಂಡ್ ಮಾಡಿಸಿದ ಫೈಲ್ ತರುತ್ತಾರೆ. ಒಳ್ಳೆಯ ಜೀವ, ಬಂದರೆ ನನಗೂ ಖುಷಿ. ಫೈಲ್ ತುಂಬಾ ಬಾಣ, ಸುಳಿ, ಬಣ್ಣದ ಚಿತ್ರ. ಲೆಕ್ಕ ಎಲ್ಲಿ ಎಂದರೆ, "ಐಡಿಯಾ ನಂದು, ಲೆಕ್ಕ ನೀವು ಮಾಡಿ ಸಾರ್" ಎನ್ನುತ್ತಾರೆ. ಲೆಕ್ಕವೇ ಅಲ್ವಾ ಸಿದ್ಧಾಂತ? 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರ (ಸತ್ತ ದೊಡ್ಡ ನಕ್ಷತ್ರದ ತೀರಾ ಒತ್ತಾದ ತಿರುಳು) ಢಿಕ್ಕಿಯಾದ ಸುದ್ದಿ ನಮಗೆ ಮುಟ್ಟಿತು. ಸುಮಾರು 13 ಕೋಟಿ ವರ್ಷ ದಾರಿ ಸವೆಸಿದ ಗುರುತ್ವದ ಅಲೆ ಮತ್ತು ಗಾಮಾ ಕಿರಣ 1.7 ಸೆಕೆಂಡ್ ಅಂತರದಲ್ಲಿ ತಲುಪಿದವು. ಎರಡಕ್ಕೂ ಬೇರೆ ಬೇರೆ ವೇಗ ಎಂದಿದ್ದ ಎಷ್ಟೋ ಜಾಣ ಸಿದ್ಧಾಂತಗಳು ಆ ಒಂದೇ ಅಂಕಿಗೆ ಮಗುಚಿಬಿದ್ದವು.

ಯಜಮಾನರಿಗೆ ಎರಡು ಪರೀಕ್ಷೆ ಕೊಟ್ಟಿದ್ದೇನೆ. ಬುಧನ ಕಕ್ಷೆ ನ್ಯೂಟನ್ ಲೆಕ್ಕಕ್ಕಿಂತ ಶತಮಾನಕ್ಕೆ 43 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ರಲ್ಲಿ ಒಂದು ಪಾಲು ಒಂದು ಆರ್ಕ್‌ಸೆಕೆಂಡ್) ಹೆಚ್ಚುವರಿ ತಿರುಗುವುದು ಒಂದು, ಈ 1.7 ಸೆಕೆಂಡ್ ಇನ್ನೊಂದು. ಅವರ ಐಡಿಯಾದಿಂದ ಈ ಎರಡೂ ಅಂಕಿ ಬಂದರೆ ಫೈಲ್ ಪೂರ್ತಿ ಓದುತ್ತೇನೆ ಎಂದಿದ್ದೇನೆ. ಬುಧನ ಲೆಕ್ಕಕ್ಕೇ ಇನ್ನೂ ಕೂತಿದ್ದಾರೆ.