ಗೆಕಿಗಾ: ಜಪಾನಿನ ಕತ್ತಲೆ ಕಾಮಿಕ್ಸ್ ಹುಟ್ಟಿದ್ದು ಬಾಡಿಗೆ ಪುಸ್ತಕದಂಗಡಿಯಲ್ಲಿ

ಜಪಾನಿನ ಹಾರರ್ ಮಂಗಾ, ಅಂದ್ರೆ ಅಲ್ಲಿನ ಭಯಾನಕ ಕಾಮಿಕ್ಸ್, ಅಂದ್ರೆ ಈಗ ಎಲ್ಲರ ಬಾಯಲ್ಲೂ ಜುಂಜಿ ಇಟೋ ಹೆಸರೇ. ಇರಲಿ, ಅವರು ದೊಡ್ಡೋರೇ. ಆದ್ರೆ ದೊಡ್ಡವರಿಗೆ ಅಂತಾನೇ ಬರೆದ, ಓದಿ ಕೆಳಗಿಟ್ಟ ಮೇಲೂ ಮನಸ್ಸಿಗೆ ಕಸಿವಿಸಿ ಆಗ್ತಾನೇ ಇರೋ ಆ ಸಣ್ಣಕತೆ ಕಾಮಿಕ್ಸ್ ಪರಂಪರೆ ಶುರುವಾಗಿದ್ದು ದೆವ್ವ ಭೂತದಿಂದ ಅಲ್ಲ. ಜನರ ಹತ್ರ ಪುಸ್ತಕ ಕೊಳ್ಳೋಕೆ ಕಾಸಿಲ್ಲದೇ ಇದ್ದಿದ್ರಿಂದ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ಗಲ್ಲಿಗಲ್ಲಿಗೂ ಕಾಶಿಹೊನ್ ಅಂಗಡಿಗಳಿದ್ವು, ನಮ್ಮ ಸರ್ಕ್ಯುಲೇಟಿಂಗ್ ಲೈಬ್ರರಿಗಳ ಥರ, ಚಿಲ್ಲರೆ ಕಾಸು ಕೊಟ್ಟು ಪುಸ್ತಕ ಒಯ್ದು ಓದಿ ವಾಪಸ್ ಕೊಡೋದು. ಅಲ್ಲಿಗೆ ಬರ್ತಿದ್ದೋರು ಬರೀ ಸ್ಕೂಲ್ ಮಕ್ಕಳಲ್ಲ, ಊರು ಬಿಟ್ಟು ಬಂದು ಫ್ಯಾಕ್ಟರಿಲಿ, ಅಂಗಡಿಲಿ ದುಡೀತಿದ್ದ ಹುಡುಗ ಹುಡುಗೀರೂ ಇದ್ರು, ಅವರಿಗೆ ಮುದ್ದುಮುದ್ದಾದ ಪ್ರಾಣಿಗಳ ಕತೆ ಯಾಕೆ ಬೇಕು? 1956ರಲ್ಲಿ ಒಸಾಕಾದ ಒಂದು ಸಣ್ಣ ಪ್ರಕಾಶನ 'ಕಗೆ' (ಜಪಾನಿ ಭಾಷೇಲಿ 'ನೆರಳು') ಅಂತ ಕಾಮಿಕ್ಸ್ ಸಂಕಲನ ಶುರು ಮಾಡ್ತು, ಒಂದೊಂದು ಸಂಚಿಕೆಲೂ ನಾಲ್ಕಾರು ಜನರ ಸಣ್ಣ ಕತೆಗಳು, ಕೊಲೆ, ಪತ್ತೇದಾರಿಕೆ, ಮಳೆ ರಾತ್ರಿ ಇಂಥದ್ದೇ. ಅದರಲ್ಲಿ ಬರೀತಿದ್ದ, 1935ರಲ್ಲಿ ಹುಟ್ಟಿದ ಯೋಶಿಹಿರೋ ತತ್ಸುಮಿ ಅನ್ನೋ ಹುಡುಗ 1957ರಲ್ಲಿ ತನ್ನ ಕೆಲಸಕ್ಕೆ 'ಗೆಕಿಗಾ', ಅಂದ್ರೆ ನಾಟಕೀಯ ಚಿತ್ರ, ಅಂತ ಬೇರೆ ಹೆಸರೇ ಇಟ್ಟ. ಅದಕ್ಕೊಂದು ಕಾರಣ ಇತ್ತು. 1955ರಲ್ಲಿ ಕೆಟ್ಟ ಪುಸ್ತಕಗಳನ್ನ ಓಡಿಸಿ ಅಂತ ದೊಡ್ಡ ಚಳವಳಿ ನಡೆದಿತ್ತು, ಮಂಗಾ ಅಂದ್ರೆ ಮಕ್ಕಳದ್ದು ಅನ್ನೋದು ಎಲ್ಲರ ತಲೇಲಿ ಕೂತಿತ್ತು. ಇದು ಮಕ್ಕಳಿಗಲ್ಲ ಅಂತ ಮೊದಲೇ ಹೇಳಿಬಿಟ್ರೆ ತಂಟೆ ಇಲ್ಲ ನೋಡಿ. 1959ರಲ್ಲಿ ಗೆಳೆಯರೆಲ್ಲ ಸೇರಿ ಗೆಕಿಗಾ ಕೋಬೋ ಅಂತ ಗುಂಪು ಕಟ್ಟಿದ್ರು, ಅದು ಬೇಗನೇ ಒಡೆದೂ ಹೋಯ್ತು.

ಅದೇ 1959ರಲ್ಲಿ ವಾರಪತ್ರಿಕೆ ಮಂಗಾಗಳು ಬಂದ್ವು, ಜನರ ಕೈಲಿ ದುಡ್ಡೂ ಆಡೋಕೆ ಶುರುವಾಯ್ತು, ಬಾಡಿಗೆ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದ್ವು. ನನ್ನ ಪ್ರಕಾರ ತತ್ಸುಮಿಯ ನಿಜವಾದ ಕೆಲಸ ಇಲ್ಲಿಂದಾನೇ ಶುರು. 1969ರ ಸುಮಾರಿಗೆ ಒಂದು ಕತೆಗೆ ಅವರಿಗೆ ಸಿಗ್ತಿದ್ದಿದ್ದು ಹೆಚ್ಚಂದ್ರೆ ಎಂಟು ಪುಟ. ಆ ಎಂಟು ಪುಟದಲ್ಲಿ ಒಬ್ಬ ಮನುಷ್ಯ, ಚರಂಡಿ ಕೆಲಸದೋನೋ, ಟ್ರೈನ್ ಒಳಗೆ ಜನರನ್ನ ತಳ್ಳೋ ಕೆಲಸದೋನೋ, ಬಾಯೇ ಬಿಡಲ್ಲ, ಸುತ್ತ ಟೋಕಿಯೋ ಶ್ರೀಮಂತವಾಗ್ತಾ ಇದೆ, ಇವನು ಮಾತ್ರ ಒಳಗೊಳಗೇ ಕೊಳೀತಾ ಹೋಗ್ತಾನೆ. ದೇಶಕ್ಕೆ ದೇಶವೇ ಆರ್ಥಿಕ ಪವಾಡ ಅಂತ ಕುಣೀತಿದ್ದ ಹೊತ್ತಲ್ಲಿ ಬರೆದಿದ್ದು ಇದು.

ಸ್ವಲ್ಪ ಉದ್ದದ 'ನರಕ' ಅನ್ನೋ ಕತೆ ನೋಡಿ. ಹಿರೋಶಿಮಾದಲ್ಲಿ ಬಾಂಬ್ ಬಿದ್ದ ಮೇಲೆ ಒಬ್ಬ ಫೋಟೋಗ್ರಾಫರ್‌ಗೆ ಗೋಡೆ ಮೇಲೆ ಅಚ್ಚಾದ ನೆರಳು ಕಾಣುತ್ತೆ, ಮಗ ಅಮ್ಮನ ಭುಜ ಒತ್ತುತಾ ಇರೋ ಹಾಗೆ. ಫೋಟೋ ಪ್ರಸಿದ್ಧವಾಗುತ್ತೆ, ಶಾಂತಿಯ ಸಂಕೇತ ಆಗುತ್ತೆ, ಫೋಟೋಗ್ರಾಫರ್ ದೊಡ್ಡ ಮನುಷ್ಯ ಆಗ್ತಾನೆ. ಆಮೇಲೆ ಗೊತ್ತಾಗುತ್ತೆ, ಆ ನೆರಳು ಸೇವೆಯದ್ದಲ್ಲ, ಕೊಲೆಯದ್ದು. ಹಿರೋಶಿಮಾ ಬಗ್ಗೆ ಇಂಥ ಕತೆ ಬರೆಯೋಕೆ ಎಷ್ಟು ಧೈರ್ಯ ಬೇಕು ಯೋಚನೆ ಮಾಡಿ!

ಇನ್ನೊಂದು ಕವಲು 'ಗಾರೋ' ಪತ್ರಿಕೆ. 1964ರಲ್ಲಿ ಕತ್ಸುಇಚಿ ನಾಗಾಯ್ ಶುರು ಮಾಡಿದ್ದು, ಮುಖ್ಯವಾಗಿ ಸಾನ್‌ಪೇಯ್ ಶಿರಾತೋ ಅವರ ನಿಂಜಾ ಕತೆಗೋಸ್ಕರ. ಯೋಶಿಹಾರು ತ್ಸುಗೆ ಕೂಡ ಬಾಡಿಗೆ ಪುಸ್ತಕದ ಕಾಲದೋರೇ, ಅವರಿಗೆ ಜಾಗ ಸಿಕ್ಕಿದ್ದು ಇಲ್ಲಿ. ಅವರ 1968ರ 'ನೆಜಿಶಿಕಿ' ಅನ್ನೋ ಕತೇಲಿ ಒಬ್ಬ ಹುಡುಗ ಕಡಿದು ಹೋದ ರಕ್ತನಾಳನ ಕೈಲಿ ಒತ್ತಿ ಹಿಡ್ಕೊಂಡು ಸಮುದ್ರದಿಂದ ಎದ್ದು ಬರ್ತಾನೆ, ಡಾಕ್ಟರ್ ಹುಡುಕ್ತಾನೆ, ಊರಲ್ಲಿ ಎಲ್ಲಿ ನೋಡಿದ್ರೂ ಕಣ್ಣಿನ ಡಾಕ್ಟರ ಬೋರ್ಡುಗಳೇ! ಕೊನೆಗೆ ಒಬ್ಬ ಹೆರಿಗೆ ಡಾಕ್ಟರಮ್ಮ ನಾಳಕ್ಕೆ ವಾಲ್ವ್ ಜೋಡಿಸಿ ಕಳಿಸ್ತಾಳೆ, ಅದನ್ನ ತಿರುಗಿಸಿ ಬಿಗಿ ಮಾಡಿದ್ರೆ ಕೈ ಜೋಮು ಹಿಡಿಯುತ್ತೆ. ಅರ್ಥ ಏನು ಅಂತ ಆಗಿನ ಸ್ಟೂಡೆಂಟ್ಸ್ ತಲೆ ಕೆಡಿಸ್ಕೊಂಡ್ರು. ಕನಸು ಅಂದ್ಕೊಂಡು ಓದಿದ್ರೆ ಸಾಕು ಅಂತ ನನಗನ್ಸುತ್ತೆ. ಮುಂದೆ ಗಾರೋ ಹತ್ರ ಸಂಭಾವನೆ ಕೊಡೋಕೂ ದುಡ್ಡಿರಲಿಲ್ಲ, ಆದ್ರೂ ಬರೆಯೋರು ಬಿಡಲಿಲ್ಲ, ಅಲ್ಲಿ ಇದನ್ನ ತೆಗಿ ಅದನ್ನ ಸೇರಿಸು ಅನ್ನೋರು ಇರ್ಲಿಲ್ಲವಲ್ಲ.

ರಕ್ತ ಕೀವಿನ ದಾರಿ ಬೇರೆ. ಹಿದೆಶಿ ಹಿನೋ 1970ರಲ್ಲಿ ಬರೆದ ಒಂದು ಕತೇಲಿ ಮೈತುಂಬ ಹುಣ್ಣೆದ್ದ ಝೋರೋಕು ಅನ್ನೋನು ತನ್ನ ಬಣ್ಣಬಣ್ಣದ ಕೀವಲ್ಲೇ ಚಿತ್ರ ಬರೀತಾನೆ. ಅಸಹ್ಯ ಹೌದು, ಆದ್ರೆ ಅವನ ಮೇಲೆ ಕನಿಕರ ಹುಟ್ಟದೇ ಇರಲ್ಲ. ಇಟೋ ಬಂದಿದ್ದು 1987ರಲ್ಲಿ 'ತೋಮಿಯೆ' ಜೊತೆ, ಆಗ ಅವರು ಡೆಂಟಲ್ ಟೆಕ್ನೀಶಿಯನ್. ಅವರದೇ ಇನ್ನೊಂದು ಕತೆ ಇದೆ, ಭೂಕಂಪ ಆಗಿ ಬಿರುಕುಬಿಟ್ಟ ಬೆಟ್ಟದಲ್ಲಿ ಮನುಷ್ಯರ ಆಕಾರದ ತೂತುಗಳು ಕಾಣೋದು, ಒಬ್ಬೊಬ್ಬರೂ ತಮ್ಮ ಅಳತೇದು ಹುಡುಕ್ಕೊಂಡು ಒಳಗೆ ನುಗ್ಗೋದು, ಆ ಕತೆ ಇಂಟರ್ನೆಟ್‌ನಲ್ಲಿ ಎಷ್ಟು ಸುತ್ತಿದೆ ಅಂದ್ರೆ ಇಟೋ ಹೆಸರು ಗೊತ್ತಿಲ್ಲದೋರೂ ಅದನ್ನ ಓದಿರ್ತಾರೆ.

ತತ್ಸುಮಿ ಕತೆಗಳನ್ನ 2005ರಿಂದ ಕೆನಡಾದ ಡ್ರಾನ್ ಅಂಡ್ ಕ್ವಾರ್ಟರ್ಲಿ ಇಂಗ್ಲಿಷಲ್ಲಿ ತರ್ತಾ ಬಂತು. 2009ರಲ್ಲಿ ಅವರ ಆತ್ಮಕತೆಗೆ, ಮಕ್ಕಳ ಮಂಗಾಗೆ ಹೆಸರಾದ ಒಸಾಮು ತೆಜುಕಾ ಅವರ ಹೆಸರಿನ ಪ್ರಶಸ್ತಿ ಬಂತು, ಮಕ್ಕಳ ಮಂಗಾದಿಂದ ದೂರ ಹೋಗ್ತೀನಿ ಅಂತ ಹೊರಟೋರಿಗೆ ತೆಜುಕಾ ಹೆಸರಲ್ಲೇ ಪ್ರಶಸ್ತಿ! 2015ರಲ್ಲಿ ತೀರ್ಕೊಂಡ್ರು. ಶುರು ಮಾಡೋರು ಎಂಟು ಪುಟದ ಕತೆಗಳಿಂದಾನೇ ಶುರು ಮಾಡಿ, ಒಂದೇ ಸಲ ಇಡೀ ಪುಸ್ತಕ ಮುಗಿಸೋಕೆ ಮಾತ್ರ ಹೋಗ್ಬೇಡಿ, ನಾಲ್ಕನೇ ಕತೆ ಹೊತ್ತಿಗೆ ಎಲ್ಲ ಗಂಡಸರ ಮುಖನೂ ಒಂದೇ ಥರ ಕಾಣೋಕೆ ಶುರುವಾಗುತ್ತೆ.