ಇಂಡಿಯಾದಲ್ಲೇ ಮಾಡಿದ ಇವಿ (ಎಲೆಕ್ಟ್ರಿಕ್ ಗಾಡಿ) ಅಂತಾರೆ, ಒಳಗಿರೋದೆಲ್ಲ ಚೀನಾ ಮಾಲೇ ಅಲ್ವಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದೀನೋ ಲೆಕ್ಕ ಇಲ್ಲ, ಆದ್ರೂ ಮತ್ತೆ ಮತ್ತೆ ಬರ್ತಾನೇ ಇದೆ, ಅದಕ್ಕೆ ಈ ಸಲ ಪೂರ್ತಿ ಬರೀತಿದೀನಿ, ಯಾರಾದ್ರೂ ಕೇಳಿದ್ರೆ ಇದನ್ನೇ ಕಳಿಸಿ. ಚಿಕ್ಕದಾಗಿ ಹೇಳೋದಾದ್ರೆ, ಬ್ಯಾಟರಿ ಒಳಗಿನ ಸೆಲ್ ಬಹುಪಾಲು ಹೊರಗಿಂದ, ಅದ್ರಲ್ಲೂ ಹೆಚ್ಚಾಗಿ ಚೀನಾದಿಂದ ಬರುತ್ತೆ, ಹೌದು. ಆದ್ರೆ ಕಾರು ಚೀನಾದ್ದಲ್ಲ.

"ಕಿಟ್ ತರಿಸ್ತಾರೆ, ಇಲ್ಲಿ ಬೋಲ್ಟ್ ಟೈಟ್ ಮಾಡಿ ಸ್ಟಿಕ್ಕರ್ ಅಂಟಿಸ್ತಾರೆ" ಅನ್ನೋ ಮಾತು ಸುಮ್ನೆ ಹುಟ್ಟಿದ್ದಲ್ಲ. ಶುರುವಿನಲ್ಲಿ ಕೆಲವು ಸ್ಕೂಟರ್ ಕಂಪನಿಗಳು ಮಾಡಿದ್ದು ಅದನ್ನೇ ಅನ್ನೋ ದೂರು ಬಂದು, ಎಲೆಕ್ಟ್ರಿಕ್ ಗಾಡಿಗೆ ಸಬ್ಸಿಡಿ ಕೊಡೋ ಫೇಮ್ ಸ್ಕೀಮ್‌ನಲ್ಲಿ ತಗೊಂಡ ದುಡ್ಡು ವಾಪಸ್ ಕೊಡಿ ಅಂತ 2023ರಲ್ಲಿ ಕೇಂದ್ರ ಸರ್ಕಾರ ಅವ್ರನ್ನ ಕೇಳಿತ್ತು. ಆ ಸುದ್ದಿ ಜನರ ತಲೇಲಿ ಹಾಗೇ ಕೂತ್ಬಿಟ್ಟಿದೆ, ಆಮೇಲೆ ಏನಾಯ್ತು ಅಂತ ನೋಡಿದವ್ರು ಕಮ್ಮಿ.

ಟಾಟಾದವ್ರು ಸಾನಂದ್‌ನಲ್ಲಿದ್ದ ಫೋರ್ಡ್ ಫ್ಯಾಕ್ಟರಿನ 725.7 ಕೋಟಿ ಕೊಟ್ಟು ತಗೊಂಡ್ರು, ವರ್ಷಕ್ಕೆ 3 ಲಕ್ಷ ಗಾಡಿ ಮಾಡೋ ತಾಕತ್ತಿರೋ ಜಾಗ ಅದು. ಮಹೀಂದ್ರಾ ಬಿಇ 6, ಎಕ್ಸ್‌ಇವಿ 9ಇ ಪುಣೆ ಹತ್ರ ಚಾಕಣ್‌ನಲ್ಲಿ ಆಗುತ್ತೆ. ಮಾರುತಿಯ ಇ-ವಿಟಾರಾ ಗುಜರಾತಿನ ಹಂಸಲ್‌ಪುರದಲ್ಲಿ ತಯಾರಾಗಿ ಇಲ್ಲಿಂದಾನೇ ಯುರೋಪಿಗೆ ಹೋಗುತ್ತೆ. ತಗಡು ಒತ್ತೋದು, ವೆಲ್ಡಿಂಗು, ಪೇಂಟು ಎಲ್ಲ ಮಾಡೋ ಇಂಥ ಫ್ಯಾಕ್ಟರಿಗೆ ಬರೀ ಬೋಲ್ಟ್ ಟೈಟ್ ಮಾಡೋಕೆ ಯಾರಾದ್ರೂ ಇಷ್ಟು ದುಡ್ಡು ಹಾಕ್ತಾರಾ, ನೀವೇ ಹೇಳಿ.

ಇನ್ನೊಂದು, ಸರ್ಕಾರದ ಪಿಎಲ್‌ಐ ಸ್ಕೀಮು, ಅಂದ್ರೆ ಇಲ್ಲೇ ತಯಾರು ಮಾಡೋ ಕಂಪನಿಗೆ ಪ್ರೋತ್ಸಾಹಧನ ಕೊಡೋದು, 25,938 ಕೋಟಿದು. ಅದ್ರಲ್ಲಿ ದುಡ್ಡು ಬೇಕು ಅಂದ್ರೆ ಗಾಡಿಯ ಮೌಲ್ಯದಲ್ಲಿ ಕನಿಷ್ಠ 50% ಇಲ್ಲೇ ಆಗಿರ್ಬೇಕು, ಕಂಪನಿ ಬಾಯಲ್ಲಿ ಹೇಳಿದ್ರೆ ಸಾಲ್ದು, ಪುಣೆಯ ಎಆರ್‌ಎಐ ಥರದ ಟೆಸ್ಟಿಂಗ್ ಸಂಸ್ಥೆ ಲೆಕ್ಕ ನೋಡಿ ಸರ್ಟಿಫಿಕೇಟ್ ಕೊಡ್ಬೇಕು.

ಇಷ್ಟು ಹೇಳಿದ್ರೂ ನಂಬದವ್ರಿಗೆ 2025ರ ಮ್ಯಾಗ್ನೆಟ್ ಕಥೆ ಸಾಕು. ಏಪ್ರಿಲ್‌ನಲ್ಲಿ ಚೀನಾ, ಇವಿ ಮೋಟಾರ್ ಒಳಗೆ ಕೂರಿಸೋ ರೇರ್ ಅರ್ಥ್ ಮ್ಯಾಗ್ನೆಟ್ ರಫ್ತಿಗೆ ಕಡಿವಾಣ ಹಾಕ್ತು, ಕೆಲವೇ ತಿಂಗಳಲ್ಲಿ ಬಜಾಜ್ ಚೇತಕ್ ಎಲೆಕ್ಟ್ರಿಕ್ ಸ್ಕೂಟರ್ ಪ್ರೊಡಕ್ಷನ್ ಕಡಿಮೆ ಮಾಡ್ಬೇಕಾಯ್ತು. ಸ್ವಲ್ಪ ಯೋಚ್ನೆ ಮಾಡಿ. ಚೀನಾ ತಡೆದಿದ್ದು ಬಿಡಿ ಮ್ಯಾಗ್ನೆಟ್ಟನ್ನ, ಮ್ಯಾಗ್ನೆಟ್ ಕೂರಿಸಿದ ಪೂರ್ತಿ ಮೋಟಾರನ್ನಲ್ಲ. ಎಲ್ಲಾ ಕಿಟ್ಟಲ್ಲೇ ಬರ್ತಿದ್ರೆ ಇಲ್ಲಿ ಲೈನ್ ನಿಧಾನ ಆಗೋ ಮಾತೇ ಇರ್ತಿರ್ಲಿಲ್ಲ. ಮೋಟಾರ್ ಇಲ್ಲೇ ಮಾಡ್ತಿರೋದಕ್ಕೇ ಮ್ಯಾಗ್ನೆಟ್ ಇಲ್ಲದೆ ಒದ್ದಾಡಿದ್ದು! ಚೀನಾ ಮೇಲೆ ಅವಲಂಬನೆ ಇದೆ, ಅದು ನಿಜವಾದ ತಲೆನೋವೇ, ಆದ್ರೆ ಅದು ಬೇರೆ, ಕಿಟ್ ಜೋಡಿಸೋದು ಬೇರೆ, ಎರಡನ್ನೂ ಕಲಸಬೇಡಿ.

ಸೆಲ್ ವಿಷ್ಯ ಮುಚ್ಚಿಡೋಕೇನಿಲ್ಲ. ಬಿಇ 6ಗೆ ಸೆಲ್ ಕೊಡೋದು ಚೀನಾದ ಬಿವೈಡಿ, ಆದ್ರೆ ಅದನ್ನ ಜೋಡಿಸಿ ಬ್ಯಾಟರಿ ಪ್ಯಾಕ್ ಮಾಡೋದು ಚಾಕಣ್‌ನಲ್ಲಿ. ಅಕ್ಕಿ ಪಕ್ಕದ ರಾಜ್ಯದ್ದು ಅಂತ ನಮ್ಮ ಹೋಟೆಲ್ ಇಡ್ಲಿನ ಯಾರೂ ಅವ್ರ ಇಡ್ಲಿ ಅನ್ನಲ್ಲ. ಹಾಗಂತ ಸೆಲ್ ಸಣ್ಣ ಬಾಬ್ತೂ ಅಲ್ಲ, ಬ್ಯಾಟರಿ ಖರ್ಚಲ್ಲಿ ದೊಡ್ಡ ಪಾಲು ಅದ್ರದ್ದೇ, ಅದು ಇಲ್ಲಿ ಆಗೋವರೆಗೂ ಬೆಲೆ ನಮ್ಮ ಕೈಲಿರಲ್ಲ.

ನನ್ನನ್ನ ಕೇಳಿದ್ರೆ ನೀವು ಕೇಳ್ಬೇಕಾಗಿದ್ದ ಪ್ರಶ್ನೆನೇ ಬೇರೆ. 2001ರಲ್ಲೇ ರೇವಾ ಅನ್ನೋ ಎಲೆಕ್ಟ್ರಿಕ್ ಕಾರ್ ಮಾಡಿ ಲಂಡನ್ ರಸ್ತೆಗೂ ಕಳಿಸಿದ ಬೆಂಗಳೂರಿಗೆ ಈ ಹೊಸ ಫ್ಯಾಕ್ಟರಿಗಳು ಯಾಕೆ ಬರ್ಲಿಲ್ಲ? ರೇವಾನ 2010ರಲ್ಲಿ ಮಹೀಂದ್ರಾ ತಗೊಂಡ್ರು, ಈಗ ಅವ್ರ ದೊಡ್ಡ ಇವಿಗಳು ಚಾಕಣ್‌ನಲ್ಲಿ. ಏಥರ್ ಡಿಸೈನ್ ಮಾಡೋದು ಬೆಂಗಳೂರಲ್ಲಿ, ಸ್ಕೂಟರ್ ತಯಾರಾಗೋದು ಗಡಿ ದಾಟಿ ಹೊಸೂರಲ್ಲಿ, ಮುಂದಿನ ಫ್ಯಾಕ್ಟರಿಗೆ ಆರಿಸ್ಕೊಂಡಿದ್ದು ಮಹಾರಾಷ್ಟ್ರ. ಹೊಸೂರಲ್ಲಿ ಟಿವಿಎಸ್ ಎಷ್ಟೋ ದಶಕದಿಂದ ಇದೆ, ಪಾರ್ಟ್ಸ್ ಮಾಡೋರೆಲ್ಲ ಅಲ್ಲೇ ಸುತ್ತಮುತ್ತ ಇದಾರೆ, ಅಂಥ ಕಡೆ ಬಿಟ್ಟು ಯಾರು ಬರ್ತಾರೆ. ಇದನ್ನ ನೆನೆಸ್ಕೊಂಡ್ರೆ ನಂಗಂತೂ ಹೊಟ್ಟೆ ಉರಿಯುತ್ತೆ. ಸಮಾಧಾನ ಅಂದ್ರೆ ದೇವನಹಳ್ಳಿ ಕಡೆ ಎಕ್ಸೈಡ್‌ನವ್ರ ಲಿಥಿಯಂ ಸೆಲ್ ಪ್ಲಾಂಟು, ಮೊದಲ ಹಂತದಲ್ಲೇ ವರ್ಷಕ್ಕೆ 6 ಗಿಗಾವ್ಯಾಟ್ ಅವರ್‌ನಷ್ಟು ಸೆಲ್ ಮಾಡೋ ತಾಕತ್ತಿನದು, 2024ರ ಏಪ್ರಿಲ್‌ನಲ್ಲಿ ಹ್ಯುಂಡೈ ಮತ್ತು ಕಿಯಾ ಎಕ್ಸೈಡ್ ಜೊತೆ ಸೆಲ್‌ಗೆ ಒಪ್ಪಂದನೂ ಮಾಡ್ಕೊಂಡಿವೆ.